ವಿಷಕ್ಕೂ ಒಂದು ಕಾಯಂ ವಿಳಾಸ ಬೇಕು

ರಾಯಚೂರು, ಸಿಂಧನೂರು ಕಡೆ ಕೀಟನಾಶಕಕ್ಕೆ ಜನ ‘ಎಣ್ಣಿ’ ಅನ್ನುತ್ತಾರೆ. ಹತ್ತಿಗೆ ಎಣ್ಣಿ ಹೊಡೀಬೇಕು, ಮೆಣಸಿನಗಿಡಕ್ಕೆ ಎಣ್ಣಿ ತರಬೇಕು, ಹೊಡೆಯುವಾಗ ಎಣ್ಣಿ ಮೈಮೇಲೆ ಬಿದ್ದು ತಲೆ ತಿರುಗಿತು. ಊರಿನವರಿಗೆ ಇಷ್ಟು ಸಾಕು. ತುರ್ತು ಚಿಕಿತ್ಸೆಯ ವೈದ್ಯರಿಗೆ ಸಾಲದು. ಒಳಗೆ ಹೋದದ್ದು ಆರ್ಗನೋಫಾಸ್ಫೇಟ್ ಆಗಿದ್ದರೆ ತಕ್ಷಣ ಅಟ್ರೋಪಿನ್ ಕೊಡಬೇಕು. ಪ್ಯಾರಾಕ್ವಾಟ್ ಎಂಬ ಕಳೆನಾಶಕವಾಗಿದ್ದರೆ ಅಟ್ರೋಪಿನ್ ಕೆಲಸಕ್ಕೆ ಬಾರದು. ಅಗತ್ಯವಿಲ್ಲದೆ ಆಮ್ಲಜನಕ ಕೊಟ್ಟರೂ ಶ್ವಾಸಕೋಶ ಇನ್ನಷ್ಟು ಕೆಡುತ್ತದೆ. ಜತೆಗೆ ಬಂದವರು ಗಾಬರಿಯಲ್ಲಿ ಬಾಟಲಿ ತಂದಿರುವುದಿಲ್ಲ. ಕೇಸ್ ಶೀಟಿನಲ್ಲಿ ‘ಅಪರಿಚಿತ ವಿಷ’ ಎಂದು ಬರೆದು ಚಿಕಿತ್ಸೆ ಶುರುವಾಗುತ್ತದೆ. ರೋಗಿ ಉಳಿದರೂ ಉಳಿಯದಿದ್ದರೂ ಆ ಹಾಳೆಯಿಂದ ಮುಂದಿನ ರೋಗಿಗೆ ಏನೂ ಸಿಗುವುದಿಲ್ಲ.

ನಾನು ಹೈದರಾಬಾದಿನಲ್ಲಿ ಔಷಧ ಸಂಶೋಧನೆಯ ದತ್ತಾಂಶ ನಿರ್ವಹಿಸುವ ಸಾಫ್ಟ್‌ವೇರ್ ಬರೆಯುತ್ತೇನೆ. ಡೇಟಾಬೇಸ್ ಕೆಲಸ ಎಂದರೆ ಊರಿನವರು ಎಸಿ ಕೋಣೆಯಲ್ಲಿ ಮಿಣುಕುವ ಸರ್ವರುಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಎಂ.ಟೆಕ್ ಓದುವಾಗ ನನ್ನ ಕಲ್ಪನೆಯೂ ಹೆಚ್ಚು ಕಡಿಮೆ ಅದೇ ಇತ್ತು. ವಿಷವಿಜ್ಞಾನ ಮತ್ತು ಜೀನೋಮ್ ಸಂಶೋಧನೆಗೆ ಜಗತ್ತು ಕಟ್ಟಿಕೊಂಡಿರುವ ಸಾರ್ವಜನಿಕ ಡೇಟಾಬೇಸುಗಳನ್ನು ದಿನಾ ಬಳಸತೊಡಗಿದ ಮೇಲೆ ಗೊತ್ತಾಗಿದ್ದು, ಅಲ್ಲಿ ಯಂತ್ರದ ಪಾಲು ಚಿಕ್ಕದು. ದೊಡ್ಡ ಪಾಲು ಹೆಸರಿಡುವುದು, ಓದುವುದು, ಒಪ್ಪಂದಕ್ಕೆ ಬರುವುದು.

ಹೆಸರಿನ ವಿಚಾರವನ್ನೇ ನೋಡಿ. ಎಂಡೋಸಲ್ಫಾನ್ ನಮಗೆಲ್ಲ ಗೊತ್ತಿರುವ ಹೆಸರು. ಅಂಗಡಿಯಲ್ಲಿ ಅದು ಥಯೋಡಾನ್ ಮುಂತಾದ ಹಲವು ಬ್ರ್ಯಾಂಡುಗಳಲ್ಲಿ ಮಾರಾಟವಾಗುತ್ತಿತ್ತು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಒಂದೇ ವಸ್ತುವೂ ಅಲ್ಲ. ಆಲ್ಫಾ, ಬೀಟಾ ಎಂಬ ಎರಡು ರೂಪಗಳ ಮಿಶ್ರಣ. ಮಣ್ಣಿಗೆ, ದೇಹಕ್ಕೆ ಸೇರಿದ ಮೇಲೆ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ, ಅದೂ ವಿಷವೇ. ಒಬ್ಬ ಸಂಶೋಧಕ ರಕ್ತದಲ್ಲಿ ಆಲ್ಫಾ ಅಳೆದು, ಇನ್ನೊಬ್ಬ ಸಲ್ಫೇಟ್ ಅಳೆದು, ಮೂರನೆಯವನು ಒಟ್ಟು ಮೊತ್ತ ಬರೆದು ಮೂವರೂ ‘ಎಂಡೋಸಲ್ಫಾನ್’ ಎಂದೇ ಪ್ರಕಟಿಸಿದರೆ ಆ ಮೂರು ಅಂಕಿಗಳನ್ನು ಒಂದೇ ಕಾಲಂನಲ್ಲಿ ಇಡುವಂತಿಲ್ಲ. ಅದಕ್ಕೇ ರಾಸಾಯನಿಕಗಳಿಗೆ ಸಿಎಎಸ್ ಸಂಖ್ಯೆ ಎಂಬ ನೋಂದಣಿ ಸಂಖ್ಯೆ ಇರುವುದು. ಮಿಶ್ರಣದ್ದು 115-29-7, ಆಲ್ಫಾದ್ದು 959-98-8, ಬೀಟಾದ್ದು 33213-65-9, ಸಲ್ಫೇಟಿನದ್ದು 1031-07-8. ಕೊನೆಯ ಅಂಕಿ ತಪ್ಪು ಪತ್ತೆಗೆಂದೇ ಇಟ್ಟದ್ದು. ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ 1, 2, 3, 4ರಿಂದ ಗುಣಿಸುತ್ತ ಕೂಡಿದರೆ ಮೊತ್ತದ ಕೊನೆಯ ಅಂಕಿ ಅದೇ ಬರಬೇಕು. ಮೊದಲನೆಯದಕ್ಕೆ 37 ಬರುತ್ತದೆ, ಅಂದರೆ 7. ಬಸ್ಸಿನಲ್ಲಿ ಹೊತ್ತು ಹೋಗದಿದ್ದರೆ ಉಳಿದ ಮೂರನ್ನೂ ಪರೀಕ್ಷಿಸಿ.

ಈ ಶಿಸ್ತು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಗಡಿಯಲ್ಲೇ ಉದಾಹರಣೆ ಇದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಇತ್ತ ದಕ್ಷಿಣ ಕನ್ನಡದಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಅದೇ ಕಥೆ. ಪಡ್ರೆ ಗ್ರಾಮದಲ್ಲಿ ಕರುಗಳು ಊನವಾಗಿ ಹುಟ್ಟುವುದನ್ನು ಕೃಷಿ ಪತ್ರಕರ್ತ ಶ್ರೀಪಡ್ರೆ 1980ರ ಆಸುಪಾಸಿನಲ್ಲೇ ಬರೆದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರರೋಗ, ಬುದ್ಧಿಮಾಂದ್ಯ, ಕ್ಯಾನ್ಸರ್ ಲೆಕ್ಕಕ್ಕಿಂತ ಹೆಚ್ಚಿರುವುದನ್ನು ಗುರುತಿಸಿ ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಬಂದು, ಸಿಂಪಡಣೆಗೆ ಒಡ್ಡಿಕೊಂಡಿದ್ದ 117 ಹುಡುಗರನ್ನು, ಹೋಲಿಕೆಗೆ ಬೇರೆಡೆಯ 90 ಹುಡುಗರನ್ನು ಪರೀಕ್ಷಿಸಿ, ಮೊದಲ ಗುಂಪಿನಲ್ಲಿ ಪ್ರೌಢಾವಸ್ಥೆ ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿತು. ಆ ಅಧ್ಯಯನಕ್ಕೆ ಆಕ್ಷೇಪಗಳು ಬಂದವು. ಬೇರೆ ಸಮಿತಿಗಳು ಕಾಯಿಲೆಗೂ ಸಿಂಪಡಣೆಗೂ ಸಂಬಂಧ ಸಾಬೀತಾಗಿಲ್ಲ ಎಂದವು. ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ.

ಸುಮಾರು 30 ವರ್ಷ! ಸಾಕ್ಷ್ಯ ಇರಲಿಲ್ಲ ಎಂದಲ್ಲ. ಪಶುವೈದ್ಯಕೀಯ ಸಾಕ್ಷ್ಯ ಒಂದು ಕಡೆ, ವೈದ್ಯರ ನೋಟ್‌ಬುಕ್ ಇನ್ನೊಂದು ಕಡೆ, ರಕ್ತದ ಮಾದರಿಯ ಫಲಿತಾಂಶ ಮತ್ತೊಂದು ಸಂಸ್ಥೆಯ ಕಡತದಲ್ಲಿ, ಯಾವ ದಿನ ಎಷ್ಟು ಲೀಟರ್ ಸಿಂಪಡಿಸಿದರು ಎಂಬ ಲೆಕ್ಕ ನಿಗಮದ ಕಚೇರಿಯಲ್ಲಿ. ಪ್ರತಿ ಸಮಿತಿಯೂ ತನ್ನ ಕೈಗೆ ಸಿಕ್ಕಷ್ಟನ್ನು ನೋಡಿ ತೀರ್ಪು ಹೇಳಿತು. ಸಾರ್ವಜನಿಕ ಡೇಟಾಬೇಸ್ ಇದ್ದಿದ್ದರೆ ವಿವಾದವೇ ಇರುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಕಾರಣ ಯಾವುದು, ಕಾಕತಾಳೀಯ ಯಾವುದು ಎಂದು ಡೇಟಾಬೇಸ್ ನಿರ್ಧರಿಸುವುದಿಲ್ಲ. ಆದರೆ ಎಲ್ಲ ಸಮಿತಿಗಳೂ ಒಂದೇ ರಾಶಿಯನ್ನು ಮುಂದಿಟ್ಟುಕೊಂಡು ಜಗಳವಾಡುತ್ತಿದ್ದವು. ಯಾರು ಯಾವ ಸಾಲನ್ನು ಬಿಟ್ಟರು ಎಂಬುದು ಮೂರನೆಯವರಿಗೂ ಕಾಣುತ್ತಿತ್ತು.

ಇಂಥ ರಾಶಿಯನ್ನು ಜೋಡಿಸುವುದು ಹೇಗೆ ಎಂದು ಕಲಿಯಲು ನಾನು ಹೆಚ್ಚು ಬಳಸುವುದು ಕಂಪ್ಯಾರಿಟಿವ್ ಟಾಕ್ಸಿಕೋಜೀನೋಮಿಕ್ಸ್ ಡೇಟಾಬೇಸ್. ಚುಟುಕಾಗಿ ಸಿಟಿಡಿ. ಅಮೆರಿಕದ ಮೇನ್ ರಾಜ್ಯದಲ್ಲಿ, ಸಮುದ್ರ ದಂಡೆಯ ಮೌಂಟ್ ಡೆಸರ್ಟ್ ಐಲ್ಯಾಂಡ್ ಜೈವಿಕ ಪ್ರಯೋಗಾಲಯದಲ್ಲಿ ಹುಟ್ಟಿ 2004ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಈಗ ನಾರ್ತ್ ಕೆರೋಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದೆ. ಅದರ ತಿರುಳು ತೀರಾ ಸರಳ. ಜೀವಶಾಸ್ತ್ರ ಓದಿದ ಕ್ಯುರೇಟರುಗಳು ಕುಳಿತು ಸಂಶೋಧನಾ ಲೇಖನಗಳನ್ನು ಓದುತ್ತಾರೆ. ಇಂಥ ರಾಸಾಯನಿಕ, ಇಂಥ ಪ್ರಾಣಿಯಲ್ಲಿ, ಇಂಥ ಜೀನಿನ ಚಟುವಟಿಕೆಯನ್ನು ಏರಿಸಿತು ಅಥವಾ ಇಳಿಸಿತು ಎಂಬುದನ್ನು ನಿಗದಿತ ಪದಗಳಲ್ಲಿ ಒಂದು ಸಾಲಾಗಿ ದಾಖಲಿಸುತ್ತಾರೆ. ಪಕ್ಕದಲ್ಲಿ ಮೂಲ ಲೇಖನದ ಸಂಖ್ಯೆ. ಇನ್ನೊಬ್ಬರು ಅದೇ ಜೀನಿಗೂ ಒಂದು ಕಾಯಿಲೆಗೂ ಇರುವ ಸಂಬಂಧವನ್ನು ಬೇರೊಂದು ಲೇಖನದಿಂದ ದಾಖಲಿಸಿರುತ್ತಾರೆ. ಈ ಎರಡು ಸಾಲುಗಳು ಒಂದೇ ಜೀನಿನಲ್ಲಿ ಸಂಧಿಸಿದಾಗ ‘ಈ ರಾಸಾಯನಿಕಕ್ಕೂ ಆ ಕಾಯಿಲೆಗೂ ನಂಟಿರಬಹುದು, ನೋಡಿ’ ಎಂಬ ಸುಳಿವು ತಾನಾಗಿ ಹುಟ್ಟುತ್ತದೆ. ಇಬ್ಬರು ಲೇಖಕರು ಒಬ್ಬರನ್ನೊಬ್ಬರು ಕೇಳಿಯೂ ಇರುವುದಿಲ್ಲ; ಒಬ್ಬರು ಮೀನಿನ ಮೇಲೆ, ಇನ್ನೊಬ್ಬರು ಮನುಷ್ಯನ ಯಕೃತ್ತಿನ ಮೇಲೆ ಕೆಲಸ ಮಾಡಿದವರು. ಸುಳಿವನ್ನೂ ಸಾಬೀತಾದ ಸಂಬಂಧವನ್ನೂ ಸಿಟಿಡಿ ಬೇರೆ ಬೇರೆ ಗುರುತು ಹಾಕಿ ತೋರಿಸುತ್ತದೆ. ನನಗೆ ಅದರಲ್ಲಿ ಅತ್ಯಂತ ಇಷ್ಟವಾದ ಗುಣ ಅದೇ. ಈ ಕಾಲದ ಎಐ ಉತ್ಸಾಹಿಗಳು ಮೊದಲು ಅಳಿಸಿಹಾಕುವುದೂ ಆ ವ್ಯತ್ಯಾಸವನ್ನೇ.

ಇದೇ ಬಗೆಯ ಕೆಲಸ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯಲ್ಲಿ, ಅರಿಜಿತ್ ಸಾಮಲ್ ಅವರ ತಂಡದಿಂದ ನಡೆದಿದೆ ಎಂಬುದು ಚೆನ್ನೈ ಕನ್ನಡಿಗರಲ್ಲೂ ಎಷ್ಟೋ ಜನರಿಗೆ ಗೊತ್ತಿಲ್ಲ. ದೇಹದ ಹಾರ್ಮೋನುಗಳನ್ನು ಏರುಪೇರು ಮಾಡುವ ರಾಸಾಯನಿಕಗಳ ಬಗ್ಗೆ ‘ಡಿಡಕ್ಟ್’ ಎಂಬ ಡೇಟಾಬೇಸನ್ನು ಅವರು 2019ರಲ್ಲಿ ಹೊರತಂದರು. ಮನುಷ್ಯರು ಮತ್ತು ಇಲಿ ಜಾತಿಯ ಪ್ರಾಣಿಗಳ ಮೇಲಿನ 1796 ಸಂಶೋಧನಾ ಲೇಖನಗಳಿಂದ ಹೆಕ್ಕಿದ 686 ರಾಸಾಯನಿಕಗಳು ಮೊದಲ ಆವೃತ್ತಿಯಲ್ಲಿದ್ದವು. ಎಷ್ಟು ಪ್ರಮಾಣ ಕೊಟ್ಟಾಗ ಪರಿಣಾಮ ಕಂಡಿತು ಎಂಬುದನ್ನೂ ಸೇರಿಸಿದ್ದಾರೆ. ವಿಷದ ಬಗ್ಗೆ ಪ್ರಮಾಣ ಹೇಳದೆ ಮಾತಾಡುವುದು ಮೈಲಿಗಲ್ಲಿನಲ್ಲಿ ಊರಿನ ಹೆಸರು ಬರೆದು ದೂರ ಬರೆಯದಂತೆ.

ಇನ್ನು ಜೀನೋಮ್ ವಿಭಾಗದ ಕಡೆ ಬಂದರೆ, ಅಲ್ಲಿನವರು ಹಂಚಿಕೊಳ್ಳುವುದನ್ನು ಬೇಗ ಕಲಿತರು. ಅಮೆರಿಕದ ಜೆನ್‌ಬ್ಯಾಂಕ್ ಶುರುವಾದದ್ದು 1982ರಲ್ಲಿ. ಮಾನವ ಜೀನೋಮ್ ಯೋಜನೆಯವರು 1996ರಲ್ಲಿ ಬರ್ಮುಡಾದಲ್ಲಿ ಸೇರಿ, ಓದಿದ ಡಿಎನ್‌ಎ ಸರಣಿಯನ್ನು 24 ಗಂಟೆಯೊಳಗೆ ಸಾರ್ವಜನಿಕಗೊಳಿಸಬೇಕು ಎಂದು ಒಪ್ಪಿದರು. ಲೇಖನ ಬರೆಯುವವರೆಗೆ ಕಾಯುವಂತಿಲ್ಲ, ಪೇಟೆಂಟಿಗೆ ಓಡುವಂತಿಲ್ಲ. 2001ರಲ್ಲಿ ಮಿಯಾಮಿ ಎಂಬ ಇನ್ನೊಂದು ನಿಯಮ ಬಂತು. ಊರಿನ ಹೆಸರಲ್ಲ, ಜೀನ್ ಚಟುವಟಿಕೆಯ ಪ್ರಯೋಗ ಪ್ರಕಟಿಸುವವರು ಕನಿಷ್ಠ ಯಾವ ಮಾಹಿತಿ ಕೊಡಬೇಕು ಎಂಬ ಪಟ್ಟಿಗೆ ಇಟ್ಟ ಸಂಕ್ಷಿಪ್ತ ಹೆಸರು. ಯಾವ ಅಂಗಾಂಶ, ಯಾವ ಹೊತ್ತಿನಲ್ಲಿ ತೆಗೆದದ್ದು, ಯಾವ ಉಪಕರಣ, ಲೆಕ್ಕ ಹೇಗೆ ಸರಿದೂಗಿಸಿದ್ದು. ದೊಡ್ಡ ವಿಜ್ಞಾನ ಪತ್ರಿಕೆಗಳು ಇದಿಲ್ಲದೆ ಲೇಖನ ಸ್ವೀಕರಿಸುವುದಿಲ್ಲ ಎಂದ ಮೇಲೆ ಎಲ್ಲರೂ ದಾರಿಗೆ ಬಂದರು. ಸೌಜನ್ಯಕ್ಕೆ ಯಾರೂ ಕಾಲಂ ತುಂಬುವುದಿಲ್ಲ ಎಂಬುದು ನಮ್ಮ ವೃತ್ತಿಯಲ್ಲಿ ಹಳೆಯ ಅನುಭವ.

ಎಲ್ಲ ಮುಚ್ಚಿಟ್ಟಿದ್ದರೆ ತಪ್ಪು ಹಿಡಿಯುವವರೇ ಇರುವುದಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು, ಗೆಡ್ಡೆಯ ಜೀನುಗಳನ್ನು ನೋಡಿ ಯಾವ ಕ್ಯಾನ್ಸರ್ ಔಷಧ ನಾಟುತ್ತದೆ ಎಂದು ಹೇಳಬಲ್ಲೆವು ಎಂದು ಪ್ರಕಟಿಸಿ, ರೋಗಿಗಳ ಮೇಲೆ ಪ್ರಯೋಗವನ್ನೂ ಶುರು ಮಾಡಿತ್ತು. ಹ್ಯೂಸ್ಟನ್ನಿನ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಪ್ರಕಟವಾಗಿದ್ದ ದತ್ತಾಂಶ ಇಟ್ಟುಕೊಂಡು ಲೆಕ್ಕ ಮತ್ತೆ ಮಾಡಿದರು. ಜೀನುಗಳ ಪಟ್ಟಿ ಒಂದು ಸಾಲು ಕೆಳಗೆ ಸರಿದಿತ್ತು! ಪ್ರತಿ ಜೀನಿನ ಜಾಗದಲ್ಲಿ ಅದರ ಪಕ್ಕದ ಜೀನಿನ ಹೆಸರು. ಕೆಲವೆಡೆ ‘ಔಷಧ ನಾಟುತ್ತದೆ’, ‘ನಾಟುವುದಿಲ್ಲ’ ಎಂಬ ಗುರುತುಗಳೇ ಅದಲುಬದಲಾಗಿದ್ದವು. ಆ ಪ್ರಯೋಗಗಳು 2010ರಲ್ಲಿ ನಿಂತವು. ದತ್ತಾಂಶದಲ್ಲಿ ಇನ್ನೂ ಕೆಟ್ಟದ್ದು ನಡೆದಿತ್ತೆಂದು ಆಮೇಲಿನ ತನಿಖೆ ಹೇಳಿತು. ಎಕ್ಸೆಲ್ ಬಳಸುವವರಿಗೆ ಇನ್ನೊಂದು ಪರಿಚಿತ ಕಥೆ: ‘ಮಾರ್ಚ್1’, ‘ಸೆಪ್ಟ್2’ ಎಂಬ ಹೆಸರಿನ ಜೀನುಗಳನ್ನು ಅದು ತಾರೀಕು ಎಂದು ತಿಳಿದು ಬದಲಿಸುತ್ತಿತ್ತು. ಎಕ್ಸೆಲ್ ಪಟ್ಟಿ ಲಗತ್ತಿಸಿದ ಜೀನೋಮ್ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಈ ರೋಗ ತಗುಲಿದೆ ಎಂದು 2016ರ ಅಧ್ಯಯನವೊಂದು ಎಣಿಸಿತು. ಎಕ್ಸೆಲ್ ಬದಲಾಗುವುದನ್ನು ಕಾಯುತ್ತ ಕೂರದೆ, ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಜೀನುಗಳ ಹೆಸರನ್ನೇ ಬದಲಿಸಿತು.

ಔಷಧ ಕಂಪನಿಗಳ ಕಪಾಟಿನಲ್ಲಿರುವುದು ಬೇರೆಯೇ ಲೋಕ. ವಿಷವೆಂದು ಕೈಬಿಟ್ಟ ಅಣುಗಳ ಪ್ರಯೋಗ ದತ್ತಾಂಶ ಅಲ್ಲಿ ರಾಶಿ ಬಿದ್ದಿರುತ್ತದೆ, ಹೊರಗೆ ಬರುವುದು ಅಪರೂಪ. ಒಂದು ಕಂಪನಿಯಲ್ಲಿ ಇಲಿಯ ಯಕೃತ್ತು ಕೆಡಿಸಿದ ಅಣುವಿನ ಸೋದರನನ್ನು ಇನ್ನೊಂದು ಕಂಪನಿ ಐದು ವರ್ಷದ ನಂತರ ಮತ್ತೆ ಇಲಿಗಳಿಗೆ ಕೊಟ್ಟು ಅದೇ ಪಾಠ ಕಲಿಯುವ ಸಾಧ್ಯತೆ ಇದ್ದೇ ಇದೆ. ಕಪಾಟು ತೆರೆದ ಉದಾಹರಣೆಗಳೂ ಇವೆ. 600ಕ್ಕೂ ಹೆಚ್ಚು ರಾಸಾಯನಿಕಗಳನ್ನು ಇಲಿಗಳ ಮೇಲೆ ಪರೀಕ್ಷಿಸಿ ಖಾಸಗಿಯಾಗಿ ಕಟ್ಟಿದ್ದ ಡ್ರಗ್‌ಮ್ಯಾಟ್ರಿಕ್ಸನ್ನು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ ಪಡೆದುಕೊಂಡು ಎಲ್ಲರಿಗೂ ಬಿಟ್ಟುಕೊಟ್ಟಿತು. ಜಪಾನಿನಲ್ಲಿ ಸರ್ಕಾರಿ ಸಂಸ್ಥೆಯೂ ಔಷಧ ಕಂಪನಿಗಳೂ ಸೇರಿ 170 ರಾಸಾಯನಿಕಗಳ ಮೇಲೆ ಕಟ್ಟಿದ ಟಿಜಿ-ಗೇಟ್ಸ್ ಈಗ ತೆರೆದಿದೆ. ಅಲ್ಲಿ ಇಲಿಯ ಯಕೃತ್ತಿನ ಸ್ಲೈಡುಗಳ ಚಿತ್ರಗಳೂ ಇರುವುದರಿಂದ, ನನ್ನಂಥ ಎಂಜಿನಿಯರುಗಳು ಹೊಸ ಲೆಕ್ಕಾಚಾರ ಕಲಿಯುವುದು ಬಹುಮಟ್ಟಿಗೆ ಆ ಇಲಿಗಳ ಋಣದಲ್ಲೇ.

ವಿಷದ ಪಟ್ಟಿ ಎಷ್ಟೇ ಚೆನ್ನಾಗಿರಲಿ, ಅದು ಸೇರುವ ದೇಹ ಯಾವುದು ಎಂಬುದು ಉಳಿದರ್ಧ ಪ್ರಶ್ನೆ. ಹೈದರಾಬಾದಿನಲ್ಲಿ, ಬಳ್ಳಾರಿಯಲ್ಲಿ ಅನುಭವಿ ಅರಿವಳಿಕೆ ತಜ್ಞರಿಗೆ ಆರ್ಯವೈಶ್ಯ ಸಮುದಾಯದ ರೋಗಿ ಎಂದರೆ ತುಸು ಎಚ್ಚರ. ಶಸ್ತ್ರಚಿಕಿತ್ಸೆಗೆ ಮೊದಲು ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಸಾಮಾನ್ಯರಲ್ಲಿ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ಅದನ್ನು ಕರಗಿಸುವುದು ಬ್ಯುಟಿರಿಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ. ಈ ಸಮುದಾಯದ ಕೆಲವರಲ್ಲಿ ಆ ಕಿಣ್ವದ ಜೀನಿನಲ್ಲಿ ಒಂದು ಅಕ್ಷರ ಬೇರೆ. ಪರಿಣಾಮವಾಗಿ 307ನೇ ಸ್ಥಾನದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಕೂರುತ್ತದೆ. ಎರಡೂ ಪ್ರತಿ ಹಾಗಿದ್ದವರು ಆಪರೇಷನ್ ಮುಗಿದರೂ ಗಂಟೆಗಟ್ಟಲೆ ತಾವಾಗಿ ಉಸಿರಾಡಲಾರರು, ವೆಂಟಿಲೇಟರ್ ಬೇಕು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು 2006ರಲ್ಲಿ ಪ್ರಕಟಿಸಿದರು. ಹೈದರಾಬಾದಿನ ಸಿಸಿಎಂಬಿ ಪಾಲ್ಗೊಂಡ 2017ರ ಅಧ್ಯಯನವು, ಈ ಕೊರತೆ ಈ ಸಮುದಾಯದಲ್ಲಿ ಉಳಿದವರಿಗಿಂತ ಸುಮಾರು 100 ಪಟ್ಟು ಹೆಚ್ಚು ಎಂದು ಗುರುತಿಸಿತು.

ಇದೇ ಕಿಣ್ವಕ್ಕೆ ಇನ್ನೊಂದು ಮುಖ ಇದೆ. ಆರ್ಗನೋಫಾಸ್ಫೇಟ್ ಕೀಟನಾಶಕ ದೇಹಕ್ಕೆ ಸೇರಿದಾಗ ಅದನ್ನು ಅಂಟಿಸಿಕೊಂಡು ಸ್ವಲ್ಪಮಟ್ಟಿಗೆ ತಡೆಯುವುದೂ ಇದೇ. ವಿಷಬಾಧೆ ಆಗಿದೆಯೇ ಎಂದು ತಿಳಿಯಲು ಆಸ್ಪತ್ರೆಯಲ್ಲಿ ಅಳೆಯುವುದೂ ರಕ್ತದಲ್ಲಿ ಇದರ ಮಟ್ಟವನ್ನೇ. ಹುಟ್ಟಿನಿಂದಲೇ ಮಟ್ಟ ಕಡಿಮೆ ಇರುವವರ ವರದಿ ನೋಡಿ, ವಿಷವೇ ಸೇರದಿದ್ದರೂ ಸೇರಿದೆ ಎಂದುಕೊಳ್ಳಬಹುದು. ಅಂದರೆ ಒಂದು ಪ್ರಯೋಗಾಲಯ ವರದಿಯನ್ನು ಸರಿಯಾಗಿ ಓದಲು ವಿಷದ ಡೇಟಾಬೇಸೂ ಬೇಕು, ಜೀನಿನ ಡೇಟಾಬೇಸೂ ಬೇಕು, ಎರಡರ ಮಧ್ಯೆ ಸೇತುವೆಯೂ ಬೇಕು.

ಆ ಸೇತುವೆಯ ಈ ತುದಿ ನಮ್ಮಲ್ಲಿ ದುರ್ಬಲವಾಗಿತ್ತು. ಜಗತ್ತಿನ ಸಂಶೋಧಕರು ಜೀನ್ ವ್ಯತ್ಯಾಸಗಳ ಆವರ್ತನ ನೋಡಲು ಬಳಸಿದ ಎಕ್ಸ್ಯಾಕ್ ಎಂಬ ಸಂಗ್ರಹದಲ್ಲಿ 60 ಸಾವಿರಕ್ಕೂ ಹೆಚ್ಚು ಜನರಿದ್ದರು, ‘ದಕ್ಷಿಣ ಏಷ್ಯಾ’ ಎಂಬ ಹಣೆಪಟ್ಟಿಯಡಿ 8 ಸಾವಿರಕ್ಕೂ ಹೆಚ್ಚು. ಆದರೆ ಅವರಲ್ಲಿ ಬಹುಪಾಲು ಪಾಕಿಸ್ತಾನದ ಹೃದ್ರೋಗ ಅಧ್ಯಯನವೊಂದರಿಂದ ಬಂದವರು. ಅಲ್ಲಿನ ಸರಾಸರಿ ನೋಡಿ ಬಳ್ಳಾರಿಯ ವ್ಯಾಪಾರಿ ಕುಟುಂಬದ ಬಗ್ಗೆ ಏನನ್ನೂ ಹೇಳಲಾಗದು. ತಲೆಮಾರುಗಳಿಂದ ತಮ್ಮೊಳಗೇ ಮದುವೆಯಾಗುತ್ತ ಬಂದ ಸಮುದಾಯಗಳ ನಾಡಿಗೆ ಒಂದೇ ‘ದಕ್ಷಿಣ ಏಷ್ಯಾ’ ಕಾಲಂ ಸಾಲುವುದಿಲ್ಲ.

ಈಗ ಪರಿಸ್ಥಿತಿ ಸುಧಾರಿಸಿದೆ. ಬೆಂಗಳೂರಿನ ಐಐಎಸ್ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 20 ಸಂಸ್ಥೆಗಳು ಸೇರಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆ ದೇಶದ ನಾನಾ ಸಮುದಾಯಗಳ 10 ಸಾವಿರ ಜನರ ಜೀನೋಮ್ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅದು ಇರುವುದು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಈ ಕೇಂದ್ರ ಬರುವವರೆಗೆ ನಮ್ಮ ವಿಜ್ಞಾನಿಗಳು ತಮ್ಮ ಸರಣಿಗಳನ್ನು ಅಮೆರಿಕ, ಯುರೋಪಿನ ಸಂಗ್ರಹಗಳಿಗೇ ಕಳಿಸುತ್ತಿದ್ದರು. ದೆಹಲಿಯ ಕನ್ನಡ ಗೆಳೆಯರು ಮೆಟ್ರೊ ಹತ್ತಿದರೆ ತಲುಪುವ ಊರಿನಲ್ಲಿ ಇಂಥದ್ದೊಂದಿದೆ.

‘ತೆರೆಯಿತು’ ಎಂದೆ, ಆದರೆ ಜೆನ್‌ಬ್ಯಾಂಕಿನಂತೆ ಯಾರು ಬೇಕಾದರೂ ಇಳಿಸಿಕೊಳ್ಳುವಂತಿಲ್ಲ. ಅರ್ಜಿ ಹಾಕಬೇಕು, ಉದ್ದೇಶ ಹೇಳಬೇಕು. ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಸರ್ಕಾರಿ ಕಿರಿಕಿರಿ. ನನಗೆ ಹಾಗನ್ನಿಸುವುದಿಲ್ಲ. ಗುಂಪಿನ ಸರಾಸರಿ ಅಂಕಿಗಳಿಂದಲೂ ಒಬ್ಬ ನಿರ್ದಿಷ್ಟ ವ್ಯಕ್ತಿ ಆ ಗುಂಪಿನಲ್ಲಿದ್ದನೇ ಎಂದು ಪತ್ತೆ ಮಾಡಬಹುದು ಎಂದು 2008ರಲ್ಲಿ ತೋರಿಸಿದ ಮೇಲೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೇ ತೆರೆದಿಟ್ಟಿದ್ದ ಅಂಥ ಪಟ್ಟಿಗಳನ್ನು ಒಳಗೆ ಸರಿಸಿತು. ನಮ್ಮಲ್ಲಿ ಜೀನಿನ ಪಕ್ಕದ ಕಾಲಂನಲ್ಲಿ ಜಾತಿ ಇದೆ. ‘ಈ ಜಾತಿಯವರಿಗೆ ಈ ದೋಷ’ ಎಂಬ ವಾಕ್ಯ ಅರಿವಳಿಕೆ ತಜ್ಞರ ಕೈಯಲ್ಲಿ ಜೀವ ಉಳಿಸುತ್ತದೆ. ವಿಮೆ ಮಾರುವವರ, ಹೆಣ್ಣು-ಗಂಡು ನೋಡುವವರ ಕೈಯಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ರಾಸಾಯನಿಕದ ದತ್ತಾಂಶ ಪೂರ್ತಿ ಬಯಲಲ್ಲಿರಲಿ, ಮನುಷ್ಯರದ್ದಕ್ಕೆ ಬಾಗಿಲೂ ಇರಲಿ, ಬಾಗಿಲಲ್ಲಿ ಉತ್ತರ ಕೊಡುವವರೂ ಇರಲಿ ಎಂಬುದು ನನ್ನ ಅಭಿಪ್ರಾಯ. ಅರ್ಜಿಗೆ ಆರು ತಿಂಗಳು ಉತ್ತರವೇ ಬರದಿದ್ದರೆ ಅದು ಬಾಗಿಲಲ್ಲ, ಗೋಡೆ.

ಕೊನೆಗೆ ಹಣದ ಮಾತು. ಡೇಟಾಬೇಸ್ ಕಟ್ಟಲು ಅನುದಾನ ಸಿಗುತ್ತದೆ, ಕಾಪಾಡಲು ಸಿಗುವುದಿಲ್ಲ. ವಿಷವಿಜ್ಞಾನಿಗಳೆಲ್ಲ ದಶಕಗಟ್ಟಲೆ ನೆಚ್ಚಿಕೊಂಡಿದ್ದ ಅಮೆರಿಕದ ಟಾಕ್ಸ್‌ನೆಟ್ 2019ರ ಡಿಸೆಂಬರಿನಲ್ಲಿ ಮುಚ್ಚಿ, ಅದರ ಒಳಗಿನದು ಬೇರೆ ಬೇರೆ ಕಡೆ ಹಂಚಿಹೋಯಿತು. ಸಸ್ಯ ವಿಜ್ಞಾನಿಗಳ ಟೇರ್ ಎಂಬ ಸಂಗ್ರಹ ಸರ್ಕಾರದ ಹಣ ನಿಂತ ಮೇಲೆ ಚಂದಾ ಹಣಕ್ಕೆ ಇಳಿಯಿತು. ನಮ್ಮಲ್ಲಿ ಮೂರು ವರ್ಷದ ಯೋಜನೆ ಮುಗಿದೊಡನೆ ಸರ್ವರ್ ಬಂದ್ ಆಗಿ, ಲೇಖನದಲ್ಲಿ ಕೊಟ್ಟ ವಿಳಾಸ ಒತ್ತಿದರೆ ಖಾಲಿ ಪುಟ ಬರುವುದು ನಿತ್ಯದ ಸಂಗತಿ.

ಓದಿ ದಾಖಲಿಸುವ ಕೈಗಳಿಗೆ ಕೊರತೆ ಇದೆಯೇ ಎಂದರೆ ಅದೂ ಇಲ್ಲ. ಹೈದರಾಬಾದು, ಬೆಂಗಳೂರಿನಲ್ಲಿ ಎಂಎಸ್ಸಿ ಜೀವರಸಾಯನಶಾಸ್ತ್ರ, ಔಷಧ ವಿಜ್ಞಾನ ಮುಗಿಸಿದ ಹುಡುಗ ಹುಡುಗಿಯರು ದಿನವಿಡೀ ಕುಳಿತು ಸಂಶೋಧನಾ ಲೇಖನಗಳನ್ನು, ಪೇಟೆಂಟುಗಳನ್ನು ಓದಿ ಸಾಲು ಸಾಲಾಗಿ ದಾಖಲಿಸುವ ಕಂಪನಿಗಳೇ ಇವೆ. ಅವರಲ್ಲಿ ಕಲಬುರ್ಗಿ, ಬೀದರಿನಿಂದ ಬಂದವರೂ ಇದ್ದಾರೆ. ನಮ್ಮ ಬಡಾವಣೆಯ ಹಾಸ್ಟೆಲುಗಳಲ್ಲಿ ಅವರ ಕನ್ನಡ ಕೇಳಿಸುತ್ತದೆ. ಅವರು ಕಟ್ಟುವ ಸಂಗ್ರಹಗಳು ವರ್ಷದ ಚಂದಾಕ್ಕೆ ಹೊರದೇಶದ ಔಷಧ ಕಂಪನಿಗಳಿಗೆ ಮಾರಾಟವಾಗುತ್ತವೆ. ಅವರು ಓದಿದ ಕಾಲೇಜುಗಳಿಗೆ ಆ ಚಂದಾ ಎಟುಕುವುದಿಲ್ಲ.